ಬೀಗ ಬಿದ್ದ ಹಂಚಿನ ಶಾಲೆಯನ್ನು ಊರಿನ ಜಾಗ ಮಾಡಿಕೊಳ್ಳುವುದು ಹೇಗೆ?

ನಿಮ್ಮ ಊರಲ್ಲೂ ಇಂಥದ್ದೊಂದು ಇರಬಹುದು. ಎರಡು-ಮೂರು ಕೊಠಡಿ, ಮುಂದೆ ಉದ್ದಕ್ಕೂ ಜಗಲಿ, ಮೇಲೆ ಮಂಗಳೂರು ಹಂಚು, ಅಂಗಳದಲ್ಲಿ ಧ್ವಜಕಟ್ಟೆ. ಪಕ್ಕದಲ್ಲೇ ಆರ್‌ಸಿಸಿ ಕಟ್ಟಡ ಬಂದ ಮೇಲೆ ಹಳೇ ಶಾಲೆಗೆ ಬೀಗ ಬಿದ್ದಿರುತ್ತದೆ. ಇಲ್ಲವೇ ಮಕ್ಕಳು ಕಡಿಮೆಯಾಗಿ ಶಾಲೆಯೇ ಬೇರೆ ಊರಿಗೆ ಸೇರಿಹೋಗಿರುತ್ತದೆ. ಒಳಗೆ ಮುರಿದ ಬೆಂಚು, ಹರಿದ ನಕಾಶೆ, ಬಾವಲಿ.

ಅದೇ ಊರಲ್ಲಿ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿಯ ಗ್ರಂಥಾಲಯಕ್ಕೆ, ಜಾಗ ಸಾಲದು. ಸ್ವಸಹಾಯ ಸಂಘದ ಹೆಂಗಸರು ಯಾರದೋ ಮನೆಯ ಪಡಸಾಲೆಯಲ್ಲಿ ಸಭೆ ಮಾಡುತ್ತಾರೆ. ಪರೀಕ್ಷೆಗೆ ಓದುವ ಹುಡುಗರಿಗೆ ಕೂರಲು ನೆರಳಿಲ್ಲ. ಆದರೂ ಸಭೆ ಕರೆದರೆ ಮೊದಲು ಕೇಳುವ ಮಾತು ಒಂದೇ: ‘ಅದನ್ನ ಕೆಡವಿ ದೊಡ್ಡ ಸಮುದಾಯ ಭವನ ಕಟ್ಟಿಸೋಣ.’

ಕೆಡವಲೇಬೇಕಾದ ಕಟ್ಟಡಗಳೂ ಇವೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಬೀಗ ಬಿದ್ದ ಹಂಚಿನ ಶಾಲೆಗಳಲ್ಲಿ ಬಹಳಷ್ಟು ಉಳಿಸಿಕೊಳ್ಳುವಂಥವು. ಗೋಡೆ ದಪ್ಪ, ಕೊಠಡಿ ಎತ್ತರ, ಕಿಟಕಿ ದೊಡ್ಡದು, ಸುತ್ತ ಅಂಗಳ. ಹೊಸದಾಗಿ ಕಟ್ಟಿಸಲು ಹೋದರೆ ಇಷ್ಟೆಲ್ಲ ಸಿಗುವುದು ಕಷ್ಟ. ಇಂಥ ಕಟ್ಟಡವನ್ನು ಹಾಳು ಮಾಡುವುದು ವಯಸ್ಸಿಗಿಂತ ಹೆಚ್ಚಾಗಿ ನೀರು. ಹಾಗಾಗಿ ಈ ಕೆಲಸಕ್ಕೆ ನಾನು ಹೇಳುವ ಕ್ರಮ ಇಷ್ಟು: ಮೊದಲು ನೀರು, ಆಮೇಲೆ ಜನ, ಕೊನೆಗೆ ನಕ್ಷೆ. ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ.

ಕಾಗದ ಯಾರ ಹೆಸರಲ್ಲಿದೆ?

ಟೇಪು ಹಿಡಿಯುವ ಮುಂಚೆ ಜಾಗ ಯಾರದು ಅಂತ ನೋಡಿ. ಸರ್ಕಾರಿ ಶಾಲೆ ಅಂದ ಮಾತ್ರಕ್ಕೆ ಜಾಗ ಪಂಚಾಯಿತಿಯದು ಆಗುವುದಿಲ್ಲ. ಕಟ್ಟಡ ಶಿಕ್ಷಣ ಇಲಾಖೆಯದಿರಬಹುದು. ಜಾಗ ಊರಿನ ಯಾರೋ ಹಿರಿಯರು ದಾನ ಕೊಟ್ಟದ್ದಾಗಿ, ಪಹಣಿ ಇನ್ನೂ ಅವರ ಹೆಸರಲ್ಲೇ ಇರಬಹುದು. ದಾನಪತ್ರ ಸಿಕ್ಕರೆ ಪೂರ್ತಿ ಓದಿ. ‘ಶಾಲೆಗೆ ಮಾತ್ರ’ ಅನ್ನುವ ಷರತ್ತಿದ್ದರೆ ದಾನಿಗಳ ಮನೆಯವರನ್ನು ಈಗಲೇ ಕೂರಿಸಿಕೊಂಡು ಮಾತಾಡಿ. ಕೆಲಸ ಅರ್ಧಕ್ಕೆ ಬಂದ ಮೇಲೆ ತಕರಾರು ಎದ್ದರೆ ಬಿಡಿಸುವುದು ಬಲು ಕಷ್ಟ.

ಪಂಚಾಯಿತಿಯಲ್ಲಿ ಇ-ಸ್ವತ್ತಿನ (ಆಸ್ತಿಯ ಕಂಪ್ಯೂಟರ್ ದಾಖಲೆಯ) ನಮೂನೆ 9 ಮತ್ತು 11 ಇದೆಯೇ ಕೇಳಿ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಕಟ್ಟಡವನ್ನು ಬೇರೆ ಬಳಕೆಗೆ ಬಿಟ್ಟುಕೊಡುವ ಪತ್ರ ಬೇಕು. ಅಂಗಳವನ್ನು ಶಾಲೆ ಈಗಲೂ ಬಳಸುತ್ತಿದ್ದರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಪ್ಪಿಗೆಯೂ ಇರಲಿ. ಎಲ್ಲದರ ಮೇಲೆ ಗ್ರಾಮಸಭೆಯ ನಿರ್ಣಯ. ಬಾಯಿಮಾತಿನ ಒಪ್ಪಿಗೆ ನಂಬಿಕೊಂಡು ಒಂದು ಹಂಚನ್ನೂ ಇಳಿಸಬೇಡಿ.

ಊರಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ದೇವಸ್ಥಾನವೋ ಕೋಟೆಯೋ ಇದ್ದರೆ ಇನ್ನೊಂದು ವಿಷಯ ಇದೆ. ಅದರಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧ. ಅಲ್ಲಿಂದ ಮುಂದಿನ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ನಿಷೇಧದ ವಲಯದಲ್ಲಿ ರಿಪೇರಿಗೂ ಅನುಮತಿ ಬೇಕು. ಅಲ್ಲಿ ಹಳೇ ಕಟ್ಟಡ ಕೆಡವಿದರೆ ಹೊಸದೂ ಬರುವುದಿಲ್ಲ, ಹಳೆಯದೂ ಉಳಿಯುವುದಿಲ್ಲ.

ಮಳೆಯಲ್ಲಿ ಹೋಗಿ ನೋಡಿ

ಕಟ್ಟಡ ನೋಡಲು ಬೇಸಿಗೆಯ ಬೆಳಗ್ಗೆ ಹೋಗುವವರೇ ಜಾಸ್ತಿ. ಜೋರು ಮಳೆ ಬರುವಾಗ ಹೋಗಿ. ಕೈಯಲ್ಲಿ ಟಾರ್ಚು, ಚಾಕ್‌ಪೀಸು, ಪೆನ್ಸಿಲ್ಲು ಇದ್ದರೆ ಸಾಕು. ಒಳಗೆ ಎಲ್ಲಿ ಹನಿ ಬೀಳುತ್ತದೋ ಅಲ್ಲಿ ನೆಲದ ಮೇಲೆ ಚಾಕಿನಿಂದ ಸುತ್ತು ಹಾಕಿ ತಾರೀಕು ಬರೆಯಿರಿ. ಹನಿ ಬೀಳುವ ಜಾಗದ ನೇರ ಮೇಲೆಯೇ ತೂತಿದೆ ಅಂದುಕೊಳ್ಳಬೇಡಿ. ಇಳಿಜಾರು ಮಾಡಿನಲ್ಲಿ ನೀರು ಮೇಲೆಲ್ಲೋ ಒಳಬಂದು, ಹಂಚು ಕೂರುವ ಮರದ ಪಟ್ಟಿಯ, ಅಂದರೆ ರೀಪಿನ, ಗುಂಟ ಇಳಿದು, ಬೇರೆ ಕಡೆ ತೊಟ್ಟಿಕ್ಕುತ್ತದೆ.

ಆಮೇಲೆ ಕೊಡೆ ಹಿಡಿದು ಸುತ್ತ ಒಂದು ಸುತ್ತು ಬನ್ನಿ. ಸೂರಿನ ನೀರು ಎಲ್ಲಿ ಬೀಳುತ್ತಿದೆ? ಬಿದ್ದ ನೀರು ಗೋಡೆ ಬುಡಕ್ಕೆ ಸಿಡಿಯುತ್ತಿದೆಯೇ? ಹರಿದು ಹೋಗುತ್ತಿದೆಯೇ, ಅಲ್ಲೇ ನಿಲ್ಲುತ್ತಿದೆಯೇ? ರಸ್ತೆಯನ್ನೂ ನೋಡಿ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಹಾಕಿ ಹಾಕಿ ಎಷ್ಟೋ ಊರುಗಳಲ್ಲಿ ರಸ್ತೆ ಶಾಲೆಯ ಅಂಗಳಕ್ಕಿಂತ ಎತ್ತರ ಆಗಿಬಿಟ್ಟಿದೆ. ರಸ್ತೆಯ ನೀರೆಲ್ಲ ಅಂಗಳಕ್ಕೆ ನುಗ್ಗಿ ಅಡಿಪಾಯದ ಪಕ್ಕ ನಿಲ್ಲುತ್ತದೆ. ಗೋಡೆಗೆ ಎಷ್ಟು ಸಲ ಪ್ಲಾಸ್ಟರ್ ಮಾಡಿಸಿದರೂ ಈ ಕಾಯಿಲೆ ಹೋಗುವುದಿಲ್ಲ. ಇದಕ್ಕೆ ಮದ್ದು ಒಂದು ಒಳ್ಳೆ ಚರಂಡಿ.

ಬಿರುಕುಗಳನ್ನು ಒಂದೊಂದಾಗಿ ನೋಡಿ. ಪ್ಲಾಸ್ಟರಿನಲ್ಲಿ ಕೂದಲೆಳೆಯಂತೆ ಹರಡಿಕೊಂಡಿರುವ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೋ ಕೆಳಕ್ಕೋ ಹೋಗಿ, ಒಂದು ತುದಿಯಲ್ಲಿ ಅಗಲ ಆಗುತ್ತಿದ್ದರೆ ಅಡಿಪಾಯ ಕುಸಿದಿರುವ ಸಾಧ್ಯತೆ ಇದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಹಾಕಿ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು, ಪ್ಲಾಸ್ಟರ್ ಕೆತ್ತಿ ತೆಗೆದ ಗೋಡೆಗೆ, ಎರಡೂ ಬದಿ ಗಾರೆಯಿಂದ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಅಂತ ಅರ್ಥ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದರೂ ಗಾಜು ಹಾಗೇ ಇದ್ದರೆ ಅದು ಹಳೇ ಗಾಯ, ತುಂಬಿಸಿದರೆ ಸಾಕು.

ಮರದ ತೊಲೆ, ಪಕಾಸಿಗಳನ್ನು (ರೀಪು ಹೊರುವ ಇಳಿಜಾರು ಮರಗಳನ್ನು) ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ನಡುಭಾಗ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಗೋಡೆಯೊಳಗೆ ಹೂತಿರುವ ತುದಿಯೇ ಮೊದಲು ಕೊಳೆಯುವುದು, ಯಾಕೆಂದರೆ ಅಲ್ಲಿಗೆ ಗಾಳಿ ಆಡುವುದಿಲ್ಲ. ಗೋಡೆ ಮೇಲೆ ಗೆದ್ದಲಿನ ಮಣ್ಣಿನ ದಾರಿ ಕಂಡರೆ ಅದು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಪತ್ತೆ ಹಚ್ಚಿ. ಮೇಸ್ತ್ರಿ ಹತ್ತಿರ ತೂಗುಗುಂಡು ಇರುತ್ತದೆ. ಗೋಡೆಯ ಹೊರಗೆ ಗುಂಡು ಬಿಟ್ಟು ನೋಡಿಸಿ, ಗೋಡೆ ಉಬ್ಬಿದೆಯೇ ವಾಲಿದೆಯೇ ಗೊತ್ತಾಗುತ್ತದೆ.

ಇಷ್ಟು ಬರೆದಿಟ್ಟುಕೊಂಡು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಇದನ್ನು ಬಿಡುವಂತಿಲ್ಲ. ಸುಣ್ಣದ ಗಾರೆಯ ಗೋಡೆ, ಮರದ ಮಾಡು ನೋಡಿ ಗೊತ್ತಿದ್ದವರಾದರೆ ಒಳ್ಳೆಯದು. ‘ಕಟ್ಟಡ ಚೆನ್ನಾಗಿದೆಯಾ’ ಅಂತ ಸುಮ್ನೆ ಕೇಳಬೇಡಿ. ಯಾವ ಗೋಡೆ ಭಾರ ಹೊತ್ತಿದೆ, ಯಾವ ಮರ ಬದಲಾಯಿಸಬೇಕು, ಯಾವುದನ್ನು ಮುಟ್ಟಲೇಬಾರದು ಅಂತ ಕೇಳಿ, ಬರಹದಲ್ಲಿ ಪಡೆಯಿರಿ. ಗೋಡೆ ಹೊರಕ್ಕೆ ಉಬ್ಬಿ ಬಿರುಕು ಬೆಳೆಯುತ್ತಲೇ ಇದ್ದರೆ, ಅಡಿಪಾಯವೇ ಜಾರುತ್ತಿದ್ದರೆ, ಮಣ್ಣಿನ ಗೋಡೆ ಬುಡ ಕರಗಿ ಟೊಳ್ಳಾಗಿದ್ದರೆ ಕೆಡವುವುದೇ ಸರಿ ಅಂತ ಅವರು ಹೇಳಬಹುದು. ಆಗ ಹಂಚು, ಮರ, ಕಲ್ಲು, ಬಾಗಿಲುಗಳನ್ನಾದರೂ ಜೋಪಾನವಾಗಿ ಇಳಿಸಿಟ್ಟುಕೊಳ್ಳಿ. ಅವರು ನೋಡಿ ಮುಗಿಸುವವರೆಗೆ ಮಕ್ಕಳನ್ನು ಒಳಗೆ ಬಿಡಬೇಡಿ.

ಅಳತೆ

ಇದು ಎರಡು ಜನ ಒಂದು ದಿನದಲ್ಲಿ ಮುಗಿಸುವ ಕೆಲಸ. ಕೊಠಡಿಯ ನಾಲ್ಕು ಬದಿಯ ಜತೆ ಎರಡು ಮೂಲೆಗೆರೆಗಳನ್ನೂ ಅಳೆಯಿರಿ, ಹಳೇ ಕೊಠಡಿಗಳು ಸರಿಯಾದ ಚೌಕ ಇರುವುದಿಲ್ಲ. ಗೋಡೆ ದಪ್ಪ, ಕಿಟಕಿಯ ಕೆಳಗಿನ ಎತ್ತರ, ಬಾಗಿಲಿನ ಅಗಲ, ನೆಲದಿಂದ ಜಗಲಿಯ ಎತ್ತರ ಎಲ್ಲ ಬೇಕು. ದೊಡ್ಡ ಚೌಕಗೆರೆ ಹಾಳೆಯಲ್ಲಿ 1 ಮೀಟರಿಗೆ 2 ಸೆಂಟಿಮೀಟರ್‌ನಂತೆ ಬರೆದರೆ ಇಡೀ ಶಾಲೆ ಒಂದೇ ಹಾಳೆಯಲ್ಲಿ ಕೂರುತ್ತದೆ. ಅಂಗಳದ ಮರ, ಬಾವಿ, ವಿದ್ಯುತ್ ಕಂಬ, ಉತ್ತರ ದಿಕ್ಕು ಬಿಡಬೇಡಿ.

ಯಾರಿಗೆ, ಯಾವ ಹೊತ್ತಿಗೆ?

ಇಲ್ಲಿ ಆತುರ ಮಾಡಬೇಡಿ. ‘ಏನು ಬೇಕು’ ಅಂತ ಸಭೆಯಲ್ಲಿ ಕೇಳಿದರೆ ಮೈಕ್ ಹಿಡಿದವರ ಆಸೆ ಮಾತ್ರ ಗೊತ್ತಾಗುತ್ತದೆ. ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿ. ಓದುವ ಮಕ್ಕಳನ್ನು ಕೇಳಿ. ಊರಿನ ಎಲ್ಲ ಕೇರಿಗಳಿಗೂ ಹೋಗಿ ಕೇಳಿ, ಶಾಲೆಯ ಪಕ್ಕದ ಬೀದಿಯವರನ್ನು ಮಾತ್ರ ಕೇಳಿದರೆ ಸಾಲದು. ಹಿರಿಯರನ್ನು, ಕೋಲು ಹಿಡಿದು ಓಡಾಡುವವರನ್ನು ಕೇಳಿ. ‘ಏನು ಬೇಕು’ ಅನ್ನುವುದಕ್ಕಿಂತ ‘ಇಲ್ಲಿಗೆ ಬರೋಕೆ ನಿಮಗೆ ಏನು ತೊಂದರೆ’ ಅಂತ ಕೇಳಿದರೆ ಉತ್ತರ ಬೇಗ ಬರುತ್ತದೆ: ಶೌಚಾಲಯ ಇಲ್ಲ, ದಾರೀಲಿ ಲೈಟಿಲ್ಲ, ಮೆಟ್ಟಿಲು ಹತ್ತೋಕಾಗಲ್ಲ, ಗಂಡಸರು ಜಗಲೀಲಿ ಇಸ್ಪೀಟು ಆಡ್ತಾ ಕೂತಿರ್ತಾರೆ. ನಕ್ಷೆಗೆ ಬೇಕಾದ ಅರ್ಧ ವಿಷಯ ಈ ಮಾತುಗಳಲ್ಲೇ ಇದೆ.

ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ವೇಳಾಪಟ್ಟಿ ಮಾಡಿ. ಅಡ್ಡಕ್ಕೆ ವಾರದ ದಿನಗಳು, ಉದ್ದಕ್ಕೆ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗಳು. ಬೆಳಗ್ಗೆ ಯೋಗ, ಹಗಲು ಕೂಸಿನ ಮನೆ (ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಜಾಗ), ಮಧ್ಯಾಹ್ನ ಮೂರಕ್ಕೆ ಸಂಘದ ಸಭೆ, ಸಂಜೆ ಓದುವವರು, ರಾತ್ರಿ ಭಜನೆ ಅಥವಾ ನಾಟಕದ ಅಭ್ಯಾಸ. ಬರೆದು ನೋಡಿದಾಗ ಎಷ್ಟೋ ಬಳಕೆಗಳು ಒಂದೇ ಕೊಠಡಿಯಲ್ಲಿ ಬೇರೆ ಬೇರೆ ಹೊತ್ತಿಗೆ ನಡೆಯುತ್ತವೆ ಅಂತ ಕಾಣುತ್ತದೆ. ಎಲ್ಲಿ ಜಗಳ ಬರುತ್ತದೆ ಅಂತಲೂ ಕಾಣುತ್ತದೆ. ಓದುವವರೂ ಹಾರ್ಮೋನಿಯಮ್ಮೂ ಒಂದೇ ಹೊತ್ತಿಗೆ ಬಂದರೆ ನಡುವೆ ಒಂದು ಕೊಠಡಿಯಷ್ಟಾದರೂ ಅಂತರ ಬೇಕು. ಚಿಕ್ಕ ಮಕ್ಕಳ ಕೂಸಿನ ಮನೆ ಇದ್ದರೆ ಆ ಕೊಠಡಿಯನ್ನು ಬೇರೆ ಯಾವುದಕ್ಕೂ ಹಂಚಬೇಡಿ. ಆಟಿಕೆ, ಹಾಸಿಗೆ, ಅಡುಗೆ ಎಲ್ಲ ದಿನಾ ಎತ್ತಿಡಲು ಆಗುವುದಿಲ್ಲ.

ಕೊಠಡಿಗೆ ಎಷ್ಟು ಜನ ಹಿಡಿಸುತ್ತಾರೆ ಅಂತಲೂ ಲೆಕ್ಕ ಹಾಕಿ. 20 ಅಡಿಗೆ 24 ಅಡಿ ಕೊಠಡಿ ಅಂದರೆ 480 ಚದರ ಅಡಿ, ಸುಮಾರು 45 ಚದರ ಮೀಟರ್. ಓಡಾಡಲು ದಾರಿ ಬಿಟ್ಟು ಕುರ್ಚಿ ಹಾಕಿದರೆ ಐವತ್ತು ಜನ ಆರಾಮಾಗಿ ಕೂರಬಹುದು. ಮೇಜು ಹಾಕಿ ಓದಲು ಇಪ್ಪತ್ತರಿಂದ ಇಪ್ಪತ್ತೈದು ಜನ. ಇದರಲ್ಲಿ ಮುನ್ನೂರು ಜನರ ಮದುವೆ ಮಾಡಲು ಆಗುವುದಿಲ್ಲ, ಮಾಡಲು ಹೋಗಲೂಬಾರದು. ಕಲ್ಯಾಣ ಮಂಟಪದ ಆಸೆಗೆ ನಡುಗೋಡೆಗಳನ್ನೆಲ್ಲ ಒಡೆಸಿದರೆ ಕಟ್ಟಡವೇ ಹೋಗುತ್ತದೆ. ದೊಡ್ಡ ಸಭೆಗೆ ಅಂಗಳ ಇದೆ, ಜಗಲಿಯೇ ವೇದಿಕೆ. ಗ್ರಾಮಸಭೆ, ನಾಟಕ, ಸ್ವಾತಂತ್ರ್ಯ ದಿನ ಎಲ್ಲಕ್ಕೂ ಇದು ಹೊಂದುತ್ತದೆ.

ಅಂದ ಹಾಗೆ, ಜಗಲಿಗೆ ಗ್ರಿಲ್ ಹಾಕಿ ಮುಚ್ಚಬೇಡಿ. ‘ಜಾಗ ವೇಸ್ಟ್’ ಅಂತ ಮೊದಲು ಕಣ್ಣು ಬೀಳುವುದೇ ಅದರ ಮೇಲೆ. ಕೊಠಡಿ ತಂಪಾಗಿರುವುದು, ಗೋಡೆ ಒಣಗಿರುವುದು, ಒಳಗೆ ಬರಲು ಹಿಂಜರಿಯುವವರು ಸ್ವಲ್ಪ ಹೊತ್ತು ಕೂತು ನೋಡುವುದು, ಎಲ್ಲ ಅದರಿಂದಲೇ. ಭದ್ರತೆ ಬೇಕಿದ್ದರೆ ಕೊಠಡಿಯ ಬಾಗಿಲನ್ನು ಗಟ್ಟಿ ಮಾಡಿಸಿ.

ಮಾಡು

ಕೆಲಸ ಶುರುವಾಗುವುದು ಇಲ್ಲಿಂದ. ಮೇಲಿನ ನೀರು ನಿಲ್ಲಿಸದೆ ಕೆಳಗೆ ಯಾವ ಕೆಲಸವೂ ಬೇಡ.

ಹಂಚು ಇಳಿಸುವಾಗ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಹಿಂಬದಿಯಲ್ಲಿ ರೀಪಿಗೆ ಕಚ್ಚಿಕೊಳ್ಳುವ ಗುಬುಟು ಇರುತ್ತದೆ, ಎರಡೂ ಅಂಚಿನಲ್ಲಿ ಪಕ್ಕದ ಹಂಚಿನೊಳಗೆ ಕೂರುವ ತೋಡು. ಕಾರ್ಖಾನೆಯ ಹೆಸರು ಮಣ್ಣಿನಲ್ಲೇ ಒತ್ತಿರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣು ನಂಬಿಕೊಂಡು ಸುತ್ತ ಬಹಳ ಕಾರ್ಖಾನೆಗಳು ಬಂದವು. ಹೆಸರು ಓದಿ ಬರೆದಿಟ್ಟುಕೊಳ್ಳಿ. ಬೇರೆ ಬೇರೆ ಕಾರ್ಖಾನೆಯ ಹಂಚಿನ ತೋಡು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ, ಸೋರಿಕೆಗೆ ಇದೂ ಒಂದು ಕಾರಣ. ಹಳೇ ಮನೆ ಬಿಚ್ಚುವವರ ಹತ್ತಿರ ಅದೇ ಹೆಸರಿನ ಹಂಚು ಹುಡುಕಿ.

ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಇಟ್ಟುಕೊಳ್ಳಿ. ಮಂಕು ಸದ್ದು ಬಂದರೆ ಒಳಗೆ ಬಿರುಕಿದೆ, ಬದಿಗಿಡಿ. ಪಾಚಿಯನ್ನು ತೆಂಗಿನ ನಾರಿನ ಬ್ರಷ್ಷಿನಲ್ಲಿ ಉಜ್ಜಿ ತೊಳೆಯಿರಿ, ತಂತಿ ಬ್ರಷ್ ಬೇಡ. ನೂರು ಚದರ ಅಡಿ ಮಾಡಿಗೆ ಸುಮಾರು 150 ಹಂಚು ಬೇಕು. ಇದರ ಮೇಲೆ ಎಷ್ಟು ಕಡಿಮೆ ಬೀಳುತ್ತದೆ ಅಂತ ಲೆಕ್ಕ ಹಾಕಿ.

ಹಂಚು ಇಳಿಸಿದಾಗಲೇ ರೀಪು, ಪಕಾಸಿ ನೋಡುವ ಅವಕಾಶ. ತುದಿ ಮಾತ್ರ ಕೊಳೆತ ಪಕಾಸಿಯನ್ನು ಇಡಿಯಾಗಿ ಎಸೆಯಬೇಕಿಲ್ಲ. ಒಳ್ಳೆ ಬಡಗಿ ಕೊಳೆತ ಭಾಗ ಕತ್ತರಿಸಿ, ಹೊಸ ಮರ ಜೋಡಿಸಿ, ಬೋಲ್ಟ್ ಹಾಕಿ ಕೂರಿಸುತ್ತಾರೆ. ಕರಾವಳಿಯಲ್ಲಿ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವ ರೂಢಿ ಇದೆ, ಹುಳು ಹಿಡಿಯದಂತೆ ಅದು ತಡೆಯುತ್ತದೆ. ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಲಿ. ರೀಪಿನ ಅಂತರವನ್ನು ನಿಮ್ಮ ಹಂಚನ್ನೇ ಇಟ್ಟು ಅಳೆದು ಹೊಡೆಯಬೇಕು.

ಎರಡು ಇಳಿಜಾರು ಸೇರುವ ಕಡೆಯ ತಗಡಿನ ದೋಣಿಯನ್ನು ಹೊಸದಾಗಿಯೇ ಹಾಕಿಸಿ. ಅದಕ್ಕೆ ತೇಪೆ ಹಾಕಿದರೆ ಒಂದು ಮಳೆಗಾಲವೂ ಬರುವುದಿಲ್ಲ. ಮೇಲಿನ ಮೂಲೆ ಹಂಚನ್ನು ಬರೀ ಸಿಮೆಂಟಿನಲ್ಲಿ ಕೂರಿಸಿದರೆ ಬಿರುಕು ಬಿಡುತ್ತದೆ, ಗಾರೆಗೆ ಸುಣ್ಣ ಸೇರಿಸಿ.

ಹಂಚು ತೆಗೆದು ತಗಡು ಹಾಕಿಸೋಣ ಅನ್ನುವ ಮಾತು ಖಂಡಿತ ಬರುತ್ತದೆ, ಅಗ್ಗ ಅಂತ. ಬೇಸಿಗೆಯಲ್ಲಿ ಒಳಗೆ ಕೂರಲಾಗದು, ಮಳೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಓದುವ, ಮಾತಾಡುವ ಜಾಗಕ್ಕೆ ಅದು ಸರಿಹೋಗುವುದಿಲ್ಲ. ಈಗಾಗಲೇ ಒಂದು ಭಾಗಕ್ಕೆ ಹಳೇ ಸಿಮೆಂಟ್ ಶೀಟು ಇದ್ದರೆ ಜಾಗ್ರತೆ, ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಡೆಯದೆ, ಕೊರೆಯದೆ, ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಇಡಿಯಾಗಿ ಇಳಿಸಬೇಕು.

ಗೋಡೆ

ಹಳೇ ಶಾಲೆಯ ಗೋಡೆ ಸಾಮಾನ್ಯವಾಗಿ ಕಲ್ಲು, ಇಟ್ಟಿಗೆ ಅಥವಾ ಜಂಬಿಟ್ಟಿಗೆಯದು. ನಡುವೆ ಮಣ್ಣು ಅಥವಾ ಸುಣ್ಣದ ಗಾರೆ. ಇಂಥ ಗೋಡೆ ನೆಲದಿಂದ ಸ್ವಲ್ಪ ನೀರು ಹೀರುತ್ತದೆ, ಮೈಯೆಲ್ಲ ಒಣಗಿಸಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ನೀರು ಹೊರಹೋಗುವ ದಾರಿ ಮುಚ್ಚುತ್ತದೆ. ಮೊಣಕಾಲೆತ್ತರಕ್ಕೆ ಪ್ಲಾಸ್ಟರ್ ಉಬ್ಬಿರುವ ಜಾಗದಲ್ಲಿ ಅಂಗೈ ಅಗಲ ಕೆತ್ತಿಸಿ ನೋಡಿ. ಸಿಮೆಂಟು ಹಪ್ಪಳದಂತೆ ಎದ್ದು ಬರುತ್ತದೆ. ಅದರ ಹಿಂದೆ ಬಿಳಿ ಉಪ್ಪಿನ ಪುಡಿ, ಒದ್ದೆ ಇಟ್ಟಿಗೆ. ಇಟ್ಟಿಗೆಯನ್ನು ಉಗುರಿನಿಂದ ಕೆರೆದರೂ ಉದುರುತ್ತದೆ. ಅದೇ ಗೋಡೆಯಲ್ಲಿ ಹಳೇ ಸುಣ್ಣದ ಗಾರೆ ಉಳಿದಿರುವ ಕಡೆ ಇಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಇದನ್ನು ಒಮ್ಮೆ ತೋರಿಸಿದರೆ ಸಿಮೆಂಟೇ ಬೇಕು ಅನ್ನುವ ಸದಸ್ಯರೂ ಒಪ್ಪುತ್ತಾರೆ.

ಮಾಡಬೇಕಾದ್ದು ಹೀಗೆ. ಮೊದಲು ಹೊರಗೆ ಚರಂಡಿ. ಗೋಡೆ ಬುಡದಲ್ಲಿ ಏರಿರುವ ಮಣ್ಣು ತೆಗೆಸಿ, ಅಂಗಳವನ್ನು ಕಟ್ಟಡದಿಂದ ಹೊರಕ್ಕೆ ಇಳಿಜಾರು ಮಾಡಿಸಿ. ಆಮೇಲೆ ಸಿಮೆಂಟ್ ಪ್ಲಾಸ್ಟರ್ ಕೆತ್ತಿಸಿ, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಿ. ಉದ್ಘಾಟನೆಯ ತಾರೀಕು ಹಿಡಿದುಕೊಂಡವರಿಗೆ ಇದು ಕಷ್ಟ. ಆದರೂ ಬಿಡಲೇಬೇಕು. ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಹೊರಗೆ ಹಾಕಿ. ಹಾಳಾದ ಇಟ್ಟಿಗೆಯನ್ನು ಮಾತ್ರ ಬಿಡಿಸಿ ಬೇರೆ ಕೂರಿಸಿ.

ಹೊಸ ಗಾರೆಗೆ ಸುಣ್ಣದ ಕಲ್ಲನ್ನೋ ಚಿಪ್ಪು ಸುಣ್ಣವನ್ನೋ ನೀರಲ್ಲಿ ಅರಳಿಸಿ ಕೆಲವು ವಾರ ನೀರಿನಡಿಯಲ್ಲೇ ಇಡಬೇಕು. ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಗ್ಲೌಸ್ ಇಲ್ಲದೆ ಯಾರೂ ಹತ್ತಿರ ಹೋಗಬಾರದು, ಮಕ್ಕಳನ್ನಂತೂ ದೂರ ಇಡಿ. ಒಂದು ಪಾಲು ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿ ಎರಡೂವರೆಯಿಂದ ಮೂರು ಪಾಲು. ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುವ ಹಳೇ ಪದ್ಧತಿ ಗೊತ್ತಿರುವ ಗಾರೆಯವರು ಸಿಕ್ಕರೆ ಅವರ ಮಾತು ಕೇಳಿ. ತೆಳ್ಳಗೆ ಎರಡು-ಮೂರು ಕೋಟು ಹಾಕಬೇಕು, ಒಂದೇ ಸಲ ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ. ಒದ್ದೆ ಗೋಣಿ ಇಳಿಬಿಟ್ಟು ಬಿಸಿಲಿನಿಂದ ಕಾಪಾಡಿ. ದೀಪಾವಳಿ ಕಳೆದ ಮೇಲಿನ ಮೂರ್ನಾಲ್ಕು ತಿಂಗಳು ಈ ಕೆಲಸಕ್ಕೆ ಒಳ್ಳೇ ಕಾಲ.

ಮೇಲೆ ಸುಣ್ಣ ಬಳಿದರೆ ಸಾಕು. ಹೊಳೆಯುವ ಎನಾಮಲ್ ಬಣ್ಣ ಹಚ್ಚಿದರೆ ಮತ್ತೆ ಗೋಡೆಯ ದಾರಿ ಮುಚ್ಚಿದಂತೆ. ಶಹಾಬಾದ್ ಕಲ್ಲು, ಕಡಪ ಕಲ್ಲು, ರೆಡ್ ಆಕ್ಸೈಡ್ ನೆಲ ಇದ್ದರೆ ಉಜ್ಜಿಸಿ ಉಳಿಸಿಕೊಳ್ಳಿ. ಜಗಲಿಗೆ ನುಣ್ಣನೆಯ ಟೈಲ್ಸ್ ಹಾಕಿಸಿದರೆ ಮಳೆಗಾಲದಲ್ಲಿ ಹಿರಿಯರು ಜಾರಿ ಬೀಳುತ್ತಾರೆ.

ಎರಡು ಕೊಠಡಿ ಒಂದು ಮಾಡಬೇಕೇ?

ನಡುಗೋಡೆ ಪೂರ್ತಿ ತೆಗೆಯುವ ಬದಲು ಅದರಲ್ಲಿ ನಾಲ್ಕೈದು ಅಡಿ ಅಗಲದ ಬಾಗಿಲು ಬಿಡಿಸಿದರೆ ಎಷ್ಟೋ ಸಲ ಕೆಲಸ ಆಗುತ್ತದೆ. ನಡುಗೋಡೆ ಮಾಡಿನ ಭಾರ ಹೊತ್ತಿರುವುದೇ ಜಾಸ್ತಿ. ಹೊರದೆ ಇದ್ದರೂ ಉದ್ದ ಗೋಡೆಗಳು ವಾಲದಂತೆ ಅದು ಹಿಡಿದಿರುತ್ತದೆ. ಬಾಗಿಲು ಬಿಡಿಸುವುದಿದ್ದರೂ ಎಂಜಿನಿಯರ್ ನಕ್ಷೆ ಕೊಟ್ಟ ಮೇಲೆ, ಮೇಲಿನ ಭಾರಕ್ಕೆ ಆಸರೆ ಕೊಟ್ಟು, ಲಿಂಟಲ್ (ಬಾಗಿಲ ಮೇಲಿನ ಅಡ್ಡ ತೊಲೆ) ಕೂರಿಸಿ, ಆಮೇಲೆ ಕೆಳಗಿನ ಗೋಡೆ ತೆಗೆಯಬೇಕು. ಮೊದಲು ಒಡೆದು ಆಮೇಲೆ ಲಿಂಟಲ್ ಹಾಕುತ್ತೇನೆ ಅನ್ನುವ ಮೇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ.

ಎಲ್ಲರೂ ಒಳಗೆ ಬರಬೇಕು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಸಾರ್ವಜನಿಕ ಕಟ್ಟಡಕ್ಕೆ ಎಲ್ಲರೂ ಬರುವಂತಿರಬೇಕು. ಆದರೆ ಎಷ್ಟೋ ಕಡೆ ಇಳಿಜಾರು ದಾರಿ ಹೆಸರಿಗೆ ಮಾತ್ರ ಇರುತ್ತದೆ. ನಿಯಮ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಜಗಲಿ ನೆಲದಿಂದ 45 ಸೆಂಟಿಮೀಟರ್ ಮೇಲಿದ್ದರೆ 5.4 ಮೀಟರ್ ಉದ್ದದ ಇಳಿಜಾರು ಬೇಕು. 60 ಸೆಂಟಿಮೀಟರ್ ಇದ್ದರೆ 7.2 ಮೀಟರ್. ಅಗಲ ಕನಿಷ್ಠ 1.2 ಮೀಟರ್, ಎರಡೂ ಬದಿ ಹಿಡಿಕೆ, ಮೇಲೆ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಸಮತಟ್ಟು. ಮುಂದುಗಡೆ ಜಾಗ ಸಾಲದಿದ್ದರೆ ಜಗಲಿಯ ಪಕ್ಕದಿಂದ ತನ್ನಿ. ಹಿಂಬಾಗಿಲಿನಿಂದ ಮಾತ್ರ ಬೇಡ. ಊರಿನ ಜಾಗಕ್ಕೆ ಎಲ್ಲರೂ ಒಂದೇ ಕಡೆಯಿಂದ ಬರಲಿ.

ಬಾಗಿಲು ತೆರೆದಾಗ 90 ಸೆಂಟಿಮೀಟರ್ ಜಾಗ ಸಿಗಬೇಕು. ಜನ ಸೇರುವ ಕೊಠಡಿಗೆ ಎರಡು ಬಾಗಿಲು, ಎರಡೂ ಹೊರಕ್ಕೆ ತೆರೆಯುವಂಥವು. ಬೆಂಕಿ ಬಿದ್ದಾಗ ಜನ ನುಗ್ಗಿದರೆ ಒಳಕ್ಕೆ ತೆರೆಯುವ ಬಾಗಿಲು ತೆರೆಯಲು ಆಗುವುದೇ ಇಲ್ಲ.

ಶೌಚಾಲಯವನ್ನು ಹಳೇ ಕೊಠಡಿಯ ಮೂಲೆಯಲ್ಲಿ ತುರುಕಬೇಡಿ. ಪೈಪಿನ ನೀರು ಹಳೇ ಗೋಡೆಗೆ ಸೇರಿದರೆ ಮಾಡಿದ ಕೆಲಸವೆಲ್ಲ ಹಾಳು. ಸ್ವಲ್ಪ ಬೇರೆಯಾಗಿ, ಜಗಲಿಯಿಂದ ನೆನೆಯದೆ ಹೋಗುವಷ್ಟು ಹತ್ತಿರದಲ್ಲಿ ಕಟ್ಟಿಸಿ. ಬಾಗಿಲು ದಾರಿಗೆ ನೇರ ಕಾಣದಿರಲಿ, ದೀಪ ಇರಲಿ, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ ಇರಲಿ. ಗಾಲಿಕುರ್ಚಿ ತಿರುಗುವಷ್ಟು ದೊಡ್ಡದಾದ ಒಂದು ಶೌಚಾಲಯ ಬೇಕೇ ಬೇಕು. ಬಾವಿಯಿಂದ ಇಂಗುಗುಂಡಿ ಇಪ್ಪತ್ತು ಮೀಟರಾದರೂ ದೂರ ಇರಲಿ.

ಬೆಳಕು, ಸದ್ದು, ಕರೆಂಟು

ಓದುವ ಕೊಠಡಿಯ ಉತ್ತರದ ಇಳಿಜಾರಿನಲ್ಲಿ ಮೂರ್ನಾಲ್ಕು ಗಾಜಿನ ಹಂಚು ಹಾಕಿಸಿದರೆ ಹಗಲು ದೀಪ ಬೇಡ. ಜಾಸ್ತಿ ಹಾಕಿದರೆ ಸೆಕೆ. ಕೊಠಡಿ ನಡುವೆ ನಿಂತು ಚಪ್ಪಾಳೆ ತಟ್ಟಿ ನೋಡಿ, ಸದ್ದು ಗುಂಯ್‌ಗುಡುತ್ತಿದ್ದರೆ ಹಿಂದಿನ ಗೋಡೆಗೆ ದಪ್ಪ ಬಟ್ಟೆಯ ಪರದೆ ಇಳಿಬಿಡಿ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು ಇಡಿ.

ಹಳೇ ವೈರಿಂಗ್ ಪೂರ್ತಿ ತೆಗೆಸಿ. ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇಲ್ಲದೆ ಕರೆಂಟು ಹರಿಸಬೇಡಿ. ಸೋಲಾರ್ ಪ್ಯಾನೆಲ್ ಹಂಚಿನ ಮಾಡಿನ ಮೇಲೆ ಬೇಡ, ಶೌಚಾಲಯದ ತಾರಸಿ ಮೇಲೆ ಹಾಕಿ.

ಮಾಡಿನ ನೀರನ್ನೂ ಹಿಡಿಯಿರಿ. ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾಗುವ ಊರಲ್ಲಿ 80 ಸಾವಿರ ಲೀಟರ್ ಬೀಳುತ್ತದೆ, ಸೋರಿಹೋಗುವುದು ಕಳೆದರೂ 60 ಸಾವಿರಕ್ಕೆ ಮೋಸವಿಲ್ಲ.

ಹೊಸದನ್ನು ಸೇರಿಸುವುದಾದರೆ

ಅಡುಗೆ ಮನೆ, ಶೌಚಾಲಯ, ಇನ್ನೊಂದು ಕೊಠಡಿ ಬೇಕಾದರೆ ಹಳೇ ಗೋಡೆಗೆ ಅಂಟಿಸದೆ ಬೇರೆ ಅಡಿಪಾಯದ ಮೇಲೆ ಕಟ್ಟಿಸಿ. ಹಳೇ ನೆಲ ಕುಳಿತು ಗಟ್ಟಿಯಾಗಿರುತ್ತದೆ. ಹೊಸದು ಇನ್ನೂ ಸ್ವಲ್ಪ ಕೂರುತ್ತದೆ. ಎರಡನ್ನೂ ಬಿಗಿದರೆ ನಡುವೆ ಬಿರುಕು ಗ್ಯಾರಂಟಿ. ನಡುವೆ ಒಂದು ಹಗುರ ಮಾಡಿನ ದಾರಿ ಸಾಕು.

ದೊಡ್ಡ ಮಟ್ಟದಲ್ಲಿ ಇದನ್ನು ನೋಡಬೇಕಿದ್ದರೆ ಬೆಂಗಳೂರಿಗೆ ಹೋದಾಗ ಎರಡು ಜಾಗ ನೋಡಿ ಬನ್ನಿ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ಬಂಗಲೆಯನ್ನು ಉಳಿಸಿ, ಬೇಕಾದ ಹೊಸ ಭಾಗವನ್ನು ಬೇರೆಯಾಗಿ ಕಟ್ಟಿದ್ದಾರೆ. ಇನ್ನೊಂದು ಫ್ರೀಡಂ ಪಾರ್ಕ್. ಹಳೇ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, ವಾಸ್ತುಶಿಲ್ಪಿಗಳಾದ ಮ್ಯಾಥ್ಯೂ ಅಂಡ್ ಘೋಷ್ ಅವರ ವಿನ್ಯಾಸದಲ್ಲಿ 2008ರಲ್ಲಿ ಜನರಿಗೆ ತೆರೆದ ಜಾಗ ಅದು. ಕಾವಲು ಗೋಪುರ, ಬ್ಯಾರಕ್ಕುಗಳ ಗುರುತು ಹಾಗೇ ಇವೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಯಾವುದನ್ನು ಬಿಟ್ಟಿದ್ದಾರೆ, ಹೊಸದನ್ನು ಎಲ್ಲಿ ನಿಲ್ಲಿಸಿದ್ದಾರೆ ಅಂತ ನೋಡಿಕೊಂಡು ಬಂದರೆ ಸಾಕು.

ಹೊಸ ಗೋಡೆಗೆ ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಬ್ಲಾಕ್ ಚೆನ್ನಾಗಿರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಈ ಬಗ್ಗೆ ಬಹಳ ಕೆಲಸ ಮಾಡಿದೆ. ಎಲ್ಲ ಮಣ್ಣೂ ಆಗುವುದಿಲ್ಲ, ಎರೆಮಣ್ಣಂತೂ ಆಗದು. ಮೊದಲು ಪರೀಕ್ಷೆ ಮಾಡಿಸಿ.

ದುಡ್ಡು ಮತ್ತು ಕೆಲಸದವರು

ಒಂದೇ ವರ್ಷದಲ್ಲಿ ಎಲ್ಲ ಮುಗಿಸಲು ಹೋಗಬೇಡಿ. ಮೊದಲ ವರ್ಷ ಚರಂಡಿ ಮತ್ತು ಮಾಡು. ಎರಡನೇ ವರ್ಷ ಗೋಡೆ, ವೈರಿಂಗ್, ಶೌಚಾಲಯ, ಇಳಿಜಾರು ದಾರಿ. ಕಪಾಟು, ಮೇಜು, ಬಣ್ಣ ಆಮೇಲೆ. ಹೀಗೆ ಭಾಗ ಮಾಡಿದರೆ ಪಂಚಾಯಿತಿಯ ಸ್ವಂತ ನಿಧಿ, ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಹಳೇ ವಿದ್ಯಾರ್ಥಿಗಳ ದೇಣಿಗೆ ಎಲ್ಲವನ್ನೂ ಒಂದೊಂದು ಕೆಲಸಕ್ಕೆ ಹೊಂದಿಸಬಹುದು. ಹಳೇ ಕಟ್ಟಡದಲ್ಲಿ ಬಿಚ್ಚಿದ ಮೇಲೆ ಕಾಣುವ ಖರ್ಚು ಇದ್ದೇ ಇರುತ್ತದೆ. ಅಂದಾಜಿನ ಮೇಲೆ ನೂರಕ್ಕೆ ಹದಿನೈದು-ಇಪ್ಪತ್ತು ಬೇರೆ ತೆಗೆದಿಡಿ.

ಸರ್ಕಾರಿ ದುಡ್ಡಾದರೆ ಕೆಟಿಪಿಪಿ ಕಾಯ್ದೆಯ (ರಾಜ್ಯದ ಸರ್ಕಾರಿ ಖರೀದಿ, ಗುತ್ತಿಗೆಗಳ ಕಾಯ್ದೆಯ) ಪ್ರಕಾರ ಟೆಂಡರ್. ಅಂದಾಜು ಪಟ್ಟಿಯಲ್ಲಿ ‘ಛಾವಣಿ ರಿಪೇರಿ’ ಅಂತ ಒಂದೇ ಸಾಲು ಇರಬಾರದು. ಎಷ್ಟು ಹಂಚು ಇಳಿಸಿ ತೊಳೆಯುವುದು, ಎಷ್ಟು ಪಕಾಸಿಗೆ ಜೋಡಣೆ, ಎಷ್ಟು ಮೀಟರ್ ರೀಪು ಅಂತ ಬಿಡಿಬಿಡಿಯಾಗಿ ಬರೆಸಿ. ಇಳಿಸಿದ ಹಂಚು, ಮರ ಪಂಚಾಯಿತಿಯದು ಅಂತ ಬರೆಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಒಳ್ಳೇ ತೇಗದ ತೊಲೆ ರಾತ್ರೋರಾತ್ರಿ ಲಾರಿ ಹತ್ತುತ್ತದೆ. ಗಾರೆ ಕೆಲಸಕ್ಕೆ ಮೊದಲು ಹಿಂದಿನ ಗೋಡೆಯಲ್ಲಿ ಒಂದು ಚದರ ಮೀಟರ್ ಮಾದರಿ ಮಾಡಿಸಿ, ಎರಡು ವಾರ ಬಿಟ್ಟು ನೋಡಿ, ಆಮೇಲೆ ಒಪ್ಪಿಗೆ ಕೊಡಿ.

ಬೀಗದ ಕೈ ಯಾರ ಹತ್ತಿರ?

ಇದನ್ನು ಉದ್ಘಾಟನೆಗೆ ಮುಂಚೆಯೇ ತೀರ್ಮಾನ ಮಾಡಿ. ಒಬ್ಬರೇ ಕೈ ಇಟ್ಟುಕೊಂಡರೆ ಅವರು ಊರಲ್ಲಿಲ್ಲದ ದಿನ ಬಾಗಿಲು ತೆರೆಯುವುದಿಲ್ಲ. ಅವರಿಗೆ ಆಗದವರು ಒಳಗೆ ಬರುವುದೂ ಇಲ್ಲ. ಅರಿವು ಕೇಂದ್ರದ ಮೇಲ್ವಿಚಾರಕರ ಹತ್ತಿರ ಒಂದು, ಹೆಂಗಸರ ಒಕ್ಕೂಟದ ಹತ್ತಿರ ಒಂದು, ಪಂಚಾಯಿತಿಯಲ್ಲಿ ಒಂದು ಇರಲಿ. ಮೊದಲು ಮಾಡಿದ ವೇಳಾಪಟ್ಟಿಯನ್ನು ಬಾಗಿಲ ಪಕ್ಕ ದೊಡ್ಡದಾಗಿ ಬರೆಸಿ ಹಾಕಿ. ಆರು ತಿಂಗಳಿಗೊಮ್ಮೆ ಎಲ್ಲರನ್ನೂ ಕೂರಿಸಿಕೊಂಡು ಬದಲಾಯಿಸಿ.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ಅಲ್ಲಿನದೇ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲದ ತಿಂಗಳು, ಎರಡೂ ದಿನಾ ಜನ ಓಡಾಡುತ್ತಿದ್ದ ಜಾಗ. ಹಾಗಾಗಿ ವರ್ಷದ ಕೆಲಸಕ್ಕೆ ಪಂಚಾಯಿತಿ ಬಜೆಟ್‌ನಲ್ಲೇ ಒಂದು ಸಾಲು ಬರೆಸಿಬಿಡಿ. ಪ್ರತಿ ಮೇ ಮೊದಲ ವಾರ ಹಂಚು ಕೈಯಾಡಿಸುವುದು, ದೋಣಿಯ ಎಲೆ ತೆಗೆಯುವುದು, ಚರಂಡಿ ಹೂಳೆತ್ತುವುದು, ಗೆದ್ದಲು ನೋಡುವುದು. ಮೊದಲ ಜೋರು ಮಳೆಯ ದಿನ ಯಾರಾದರೂ ಟಾರ್ಚು ಹಿಡಿದು ಒಳಗೆ ಒಂದು ಸುತ್ತು ಹಾಕಲಿ. ಒಡೆದ ಹಂಚನ್ನು ಅವತ್ತೇ ಬದಲಾಯಿಸಲು ಅದೇ ಕಾರ್ಖಾನೆಯ ಇನ್ನೂರು ಹಂಚು ಹಿಂದಿನ ಜಗಲಿಯಲ್ಲಿ ಯಾವಾಗಲೂ ಜೋಡಿಸಿಟ್ಟಿರಲಿ.